ಎಚ್ಚರಿಕೆಯ ಸಂದೇಶದಲ್ಲಿ ಊರಿನ ಹೆಸರು

(ಮಳೆಗಾಲಕ್ಕೆ ಮುನ್ನ ಸಕಲೇಶಪುರದಲ್ಲಿ ಬೆಳೆಗಾರರು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪವಿದು. ವೇದಿಕೆಯ ಮೇಲೆ ಅವಸರದಲ್ಲಿ ದಾಟಿಹೋದ ಕೆಲವು ತಾಂತ್ರಿಕ ವಿವರಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಸಭಿಕರೇ,

ಮಳೆಯ ವಿಷಯ ಮಾತಾಡಲು ಕರೆದಿದ್ದೀರಿ. ನಾನು ಆನೆಯಿಂದ ಆರಂಭಿಸುತ್ತೇನೆ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಅನೇಕರ ಮೊಬೈಲಿಗೆ ಬೆಳಗಿನ ಹೊತ್ತು ಒಂದು ಸಂದೇಶ ಬರುತ್ತದೆ: ಇಂಥ ತೋಟದಲ್ಲಿ ಆನೆಗಳಿವೆ, ಅತ್ತ ಸುಳಿಯಬೇಡಿ ಎಂದು. ಅರಣ್ಯ ಇಲಾಖೆ ಕಳಿಸುವುದೂ ಉಂಟು, ಊರಿನವರೇ ಕಟ್ಟಿಕೊಂಡ ವಾಟ್ಸ್ಯಾಪ್ ಗುಂಪಿನಲ್ಲಿ ಬರುವುದೂ ಉಂಟು. ಅದನ್ನು ಓದಿದ ಮೇಸ್ತ್ರಿ ಆ ದಿನ ಆಳುಗಳನ್ನು ಆ ಪಟ್ಟೆಗೆ ಕಳಿಸುವುದಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಒಳದಾರಿ ಬಿಡಿಸಿ ಟಾರು ರಸ್ತೆಯಲ್ಲೇ ಕರೆದುಕೊಂಡು ಹೋಗುತ್ತಾರೆ. ಯಾರೂ ಅದು ನಿಜವೋ ಸುಳ್ಳೋ ಎಂದು ಕುಳಿತು ಚರ್ಚಿಸುವುದಿಲ್ಲ. ಅದೇ ಮೊಬೈಲಿಗೆ, ಅದೇ ದಿನ, ‘ಹಾಸನ ಜಿಲ್ಲೆಯ ಕೆಲವೆಡೆ ಭಾರೀ ಮಳೆಯಾಗುವ ಸಾಧ್ಯತೆ ಇದೆ’ ಎಂಬ ಸಂದೇಶ ಬಂದರೆ ಏನು ಮಾಡುತ್ತೇವೆ? ‘ಆಶ್ಲೇಷದಲ್ಲಿ ಮಳೆ ಬಾರದೆ ಬಿಸಿಲು ಬರುತ್ತದೆಯೇ’ ಎಂದು ನಕ್ಕು ಅಳಿಸಿಹಾಕುತ್ತೇವೆ.

ಎರಡೂ ಎಚ್ಚರಿಕೆಗಳೇ, ಎರಡೂ ಬಂದದ್ದು ಒಂದೇ ಪೆಟ್ಟಿಗೆಗೆ, ಓದಿದ್ದೂ ಒಬ್ಬನೇ ಮನುಷ್ಯ. ಹೀಗಿರುವಾಗ ಒಂದನ್ನು ನಂಬಿ ಇನ್ನೊಂದನ್ನು ಕಡೆಗಣಿಸುವುದಕ್ಕೆ ನಮ್ಮ ಅಜ್ಞಾನ ಕಾರಣ ಎಂದು ನಾನು ಒಪ್ಪಲಾರೆ. ಆನೆಯ ಸಂದೇಶದಲ್ಲಿ ತೋಟದ ಹೆಸರಿದೆ, ಮಳೆಯ ಸಂದೇಶದಲ್ಲಿ ಇಲ್ಲ, ವ್ಯತ್ಯಾಸ ಅಷ್ಟೇ. ದೂರಸಂಪರ್ಕದ ಕೆಲಸದಲ್ಲಿ ಬದುಕಿನ ಬಹುಭಾಗ ಕಳೆದವನಾಗಿ, ಇಂದು ನಿಮ್ಮ ಮುಂದೆ ನಾನು ಹೇಳಬೇಕೆಂದಿರುವುದೂ ಇಷ್ಟನ್ನೇ: ಸಂದೇಶವನ್ನು ಕ್ಷಣಮಾತ್ರದಲ್ಲಿ ತಲುಪಿಸುವ ಸಮಸ್ಯೆಯನ್ನು ತಂತ್ರಜ್ಞರು ಹೆಚ್ಚುಕಡಿಮೆ ಬಗೆಹರಿಸಿದ್ದಾರೆ; ಅದರೊಳಗೆ ಊರಿನ ಹೆಸರನ್ನು ಸೇರಿಸುವ ಕೆಲಸ ಉಳಿದಿದೆ, ಆ ಕೆಲಸ ಬೆಂಗಳೂರಿನಲ್ಲಿ ಕುಳಿತು ಆಗುವಂಥದ್ದಲ್ಲ.

ಮೊದಲು ತಲುಪಿಸುವ ಬಗೆಯನ್ನು ನೋಡೋಣ. ಮೊಬೈಲಿನಲ್ಲಿ ಎಚ್ಚರಿಕೆ ಕಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ನಮಗೆಲ್ಲ ಗೊತ್ತಿರುವ ಎಸ್ಸೆಮ್ಮೆಸ್. ಜಗತ್ತಿನ ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಇದು ಅಂಚೆಯ ವ್ಯವಸ್ಥೆ ಇದ್ದಂತೆ. ಪ್ರತಿಯೊಂದು ಕಾಗದಕ್ಕೂ ವಿಳಾಸ ಬೇಕು, ಅಂಚೆಯವನು ಪ್ರತಿ ಮನೆಯ ಬಾಗಿಲಿಗೂ ಹೋಗಬೇಕು. ಒಂದು ತಾಲ್ಲೂಕಿನಲ್ಲಿ ಒಂದು ಲಕ್ಷ ಫೋನುಗಳಿವೆ ಎಂದಿಟ್ಟುಕೊಂಡರೆ, ಜಾಲವು ಒಂದು ಲಕ್ಷ ಸಲ ‘ಈ ನಂಬರಿನವನು ಈಗ ಯಾವ ಟವರಿನ ಕೆಳಗಿದ್ದಾನೆ’ ಎಂದು ಹುಡುಕಿ, ಒಂದು ಲಕ್ಷ ಸಲ ಅದೇ ವಾಕ್ಯವನ್ನು ಒಪ್ಪಿಸಬೇಕು. ಮಾಮೂಲಿ ದಿನಗಳಲ್ಲಿ ಇದು ಕಷ್ಟವಲ್ಲ. ಆದರೆ ಗುಡ್ಡ ಜರುಗಿದ ರಾತ್ರಿ ಎಲ್ಲರೂ ಎಲ್ಲರಿಗೂ ಫೋನು ಮಾಡುತ್ತಿರುವಾಗ ಜಾಲ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯೂ ಆ ಸಾಲಿನಲ್ಲಿ ಹಿಂದೆ ನಿಂತುಬಿಡುತ್ತದೆ. ಇನ್ನೊಂದು ತೊಂದರೆಯನ್ನು ನಾನೇ ಕಂಡಿದ್ದೇನೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆಯ ನೆಂಟರ ಮನೆಯಲ್ಲಿದ್ದಾಗ ಮೂರು ದಿನ ಫೋನಿಗೆ ಸಿಗ್ನಲ್ ಇರಲಿಲ್ಲ. ನಾಲ್ಕನೆಯ ದಿನ ಮಳೆ ಹೊಳವಾಗಿ ಅಂಗಳದಲ್ಲಿ ಬಿಸಿಲು ಬಿದ್ದಾಗ ಸಿಗ್ನಲ್ಲೂ ಬಂತು, ಅದರ ಹಿಂದೆಯೇ ‘ಮುಂದಿನ 24 ಗಂಟೆಗಳಲ್ಲಿ ಭಾರೀ ಮಳೆ’ ಎಂಬ ಸಂದೇಶಗಳು ಒಂದರ ಬೆನ್ನಿಗೊಂದು ಬಂದು ಬಿದ್ದವು. ಎಸ್ಸೆಮ್ಮೆಸ್ಸಿನ ಸ್ವಭಾವವೇ ಹಾಗೆ: ತಲುಪಿಸಲಾಗದಿದ್ದರೆ ಕಾದಿಟ್ಟುಕೊಂಡು ಆಮೇಲೆ ಒಪ್ಪಿಸುತ್ತದೆ. ಮದುವೆಯ ಆಹ್ವಾನಕ್ಕೆ ಅದು ಒಳ್ಳೆಯ ಗುಣವಿರಬಹುದು.

ಎರಡನೆಯ ದಾರಿಯ ಹೆಸರು ಸೆಲ್ ಬ್ರಾಡ್‌ಕಾಸ್ಟ್. ಇದು ಊರಬಾಗಿಲಲ್ಲಿ ಡಂಗುರ ಹೊಡೆಸಿದಂತೆ. ಡಂಗುರದವನಿಗೆ ಯಾರ ವಿಳಾಸವೂ ಬೇಕಿಲ್ಲ. ಅವನ ದನಿ ಕೇಳುವಷ್ಟು ದೂರದಲ್ಲಿ ಇದ್ದವರಿಗೆಲ್ಲ ಸುದ್ದಿ ಮುಟ್ಟುತ್ತದೆ. ಟವರು ಎಲ್ಲರಿಗೂ ಸೇರಿಸಿ ಒಂದೇ ಸಂದೇಶವನ್ನು ಗಾಳಿಗೆ ಬಿಡುತ್ತದೆ, ಅದರ ವ್ಯಾಪ್ತಿಯಲ್ಲಿರುವ, ಈ ಸೌಲಭ್ಯವುಳ್ಳ ಫೋನುಗಳೆಲ್ಲ ಏಕಕಾಲಕ್ಕೆ ಅದನ್ನು ಎತ್ತಿಕೊಳ್ಳುತ್ತವೆ. ನೂರು ಫೋನಿದ್ದರೂ ಲಕ್ಷವಿದ್ದರೂ ಟವರಿನ ಶ್ರಮ ಅಷ್ಟೇ. ಇಂಟರ್ನೆಟ್ ಬೇಕಿಲ್ಲ, ಫೋನಿನಲ್ಲಿ ದುಡ್ಡು ಇರಬೇಕಿಲ್ಲ, ಕರೆಗಳ ದಟ್ಟಣೆಗೆ ಇದು ಸಿಕ್ಕಿಕೊಳ್ಳುವುದಿಲ್ಲ. ನಿಗದಿಪಡಿಸಿದ ಅವಧಿ ಮುಗಿಯುವವರೆಗೆ ಮತ್ತೆ ಮತ್ತೆ ಸಾರುತ್ತಲೇ ಇರುವುದರಿಂದ, ಸುರಂಗದಿಂದ ಆಗಷ್ಟೇ ಹೊರಬಂದವನಿಗೂ ಸಿಗುತ್ತದೆ. ಅವಧಿ ಮುಗಿದ ಮೇಲೆ ಹಳಸಲು ಸುದ್ದಿ ಬಂದು ಬೀಳುವುದಿಲ್ಲ. ಡಂಗುರದವನಿಗೆ ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಎಂಬುದು ಗೊತ್ತಾಗದಂತೆ ಟವರಿಗೂ ಅದು ಗೊತ್ತಾಗುವುದಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ. ನಾವು ಎಲ್ಲಿದ್ದೇವೆಂಬ ಲೆಕ್ಕವನ್ನು ಯಾರೂ ಇಟ್ಟುಕೊಳ್ಳುವುದಿಲ್ಲವಲ್ಲ, ನನಗೆ ಅದೇ ಸಮಾಧಾನ.

ಘಾಟಿ ರಸ್ತೆಯ ಮಟ್ಟಿಗೆ ಈ ಎರಡನೆಯ ದಾರಿ ಏಕೆ ಅನಿವಾರ್ಯ ಎಂಬುದನ್ನು ಸಕಲೇಶಪುರದವರಿಗೆ ವಿವರಿಸಬೇಕಾಗಿಲ್ಲ. 2024ರ ಜುಲೈ ಕೊನೆಯಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ರಸ್ತೆ ಮುಚ್ಚಿತು. ಅದಕ್ಕೆ ಕೆಲವೇ ದಿನ ಮೊದಲು ಎಡಕುಮೇರಿ ಕಡೆ ರೈಲು ಹಳಿಯ ಕೆಳಗಿನ ಮಣ್ಣು ಜರುಗಿ ಮಂಗಳೂರು–ಬೆಂಗಳೂರು ರೈಲುಗಳು ನಿಂತವು. ಆ ಹೊತ್ತಿನಲ್ಲಿ ಘಾಟಿಯಲ್ಲಿ ಇರುವವರು ಯಾರು? ಮಂಗಳೂರು ಬಂದರಿನ ಲಾರಿಯವರು, ಧರ್ಮಸ್ಥಳಕ್ಕೆ ಹೊರಟವರು, ತಮಿಳುನಾಡಿನ ಟ್ಯಾಂಕರಿನವರು. ಅವರ ಫೋನ್ ನಂಬರುಗಳು ಹಾಸನ ಜಿಲ್ಲೆಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಪಟ್ಟಿ ನೋಡಿ ಕಳಿಸುವ ಸಂದೇಶ ಮನೆಯಲ್ಲಿ ಬೆಚ್ಚಗೆ ಕುಳಿತ ನಮಗೆ ಬರುತ್ತದೆ, ಕುಸಿಯುತ್ತಿರುವ ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಿಕೊಂಡವನಿಗೆ ಬರುವುದಿಲ್ಲ. ಟವರಿನಿಂದ ಸಾರಿದರೆ ಅವನಿಗೂ ಬರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು, ಇಪ್ಪತ್ತು ವರ್ಷಗಳ ಹಿಂದಿನ ಸಣ್ಣ ಪರದೆಯ ಫೋನುಗಳಲ್ಲಿ ನಾವು ಬಸ್ಸಿನಲ್ಲಿ ಹೋಗುತ್ತಿದ್ದಂತೆ ಊರಿನ ಹೆಸರು ಬದಲಾಗುತ್ತಿತ್ತು. ಅದು ಸೆಲ್ ಬ್ರಾಡ್‌ಕಾಸ್ಟಿನ 50ನೆಯ ಚಾನೆಲ್‌ನ ಕೆಲಸ. ಪ್ರತಿ ಟವರೂ ತನ್ನ ಜಾಗದ ಹೆಸರನ್ನು ಸದಾ ಸಾರುತ್ತಿತ್ತು. ಯಾವ ಟವರು ಎಲ್ಲಿದೆ ಎಂಬುದು ಆಗಲೇ ಯಂತ್ರಕ್ಕೆ ತಿಳಿದಿತ್ತು, ಅದನ್ನು ಹೇಳುವ ದಾರಿಯೂ ಇತ್ತು. ಆ ಸಣ್ಣ ಪರದೆಯ ಮೇಲೆ ಮೂಡುತ್ತಿದ್ದ ಊರಿನ ಹೆಸರು ಇಂದಿನ ಎಚ್ಚರಿಕೆಗಳಲ್ಲಿ ಕಾಣೆಯಾಗಿರುವುದನ್ನು ನೆನೆದಾಗ ಸ್ವಲ್ಪ ಬೇಸರವಾಗುತ್ತದೆ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಅರಚಿಕೊಂಡದ್ದು ನಿಮಗೆ ನೆನಪಿರುತ್ತದೆ. ದೂರಸಂಪರ್ಕ ಇಲಾಖೆ ಮತ್ತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ರಾಜ್ಯದಿಂದ ರಾಜ್ಯಕ್ಕೆ ನಡೆಸುತ್ತಿದ್ದ ಪರೀಕ್ಷೆಯ ಭಾಗವದು. ಇದಕ್ಕೆ ಬೇಕಾದ ವ್ಯವಸ್ಥೆಯನ್ನು ನಮ್ಮದೇ ದೇಶದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದೆ. ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗ ಮುಂತಾದವರು ಕೊಡುವ ಮುನ್ಸೂಚನೆಗಳನ್ನು ‘ಸಚೇತ್’ ಎಂಬ ಒಂದೇ ವೇದಿಕೆಗೆ ತಂದು, ಜಿಲ್ಲೆ ರಾಜ್ಯಗಳ ಅಧಿಕಾರಿಗಳ ಒಪ್ಪಿಗೆಯೊಂದಿಗೆ ಜನರಿಗೆ ಕಳಿಸುವ ಏರ್ಪಾಡಿದೆ. ಇದರ ಹಿಂದೆ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಎಂಬ ಜಾಗತಿಕ ಮಾನದಂಡವೊಂದಿದೆ. ಎಚ್ಚರಿಕೆ ಯಾವ ಇಲಾಖೆಯದೇ ಆಗಲಿ, ಯಾವುದರ ಬಗ್ಗೆಯೇ ಆಗಲಿ, ಏನು, ಎಲ್ಲಿ, ಎಷ್ಟು ತುರ್ತು, ಎಷ್ಟು ಖಚಿತ, ಎಲ್ಲಿಯವರೆಗೆ ಜಾರಿಯಲ್ಲಿರುತ್ತದೆ ಎಂಬುದನ್ನು ಒಂದೇ ನಮೂನೆಯಲ್ಲಿ ತುಂಬಬೇಕೆಂಬುದು ಅದರ ಸಾರ. ಗಮನಿಸಿ, ‘ಎಲ್ಲಿ’ ಎಂಬುದಕ್ಕೆ ಆ ನಮೂನೆಯಲ್ಲಿ ಜಾಗವಿದೆ. ನಕ್ಷೆಯ ಮೇಲೆ ಗೆರೆ ಎಳೆದು ಇಷ್ಟೇ ಪ್ರದೇಶ ಎಂದು ಗುರುತಿಸುವ ಅವಕಾಶವೂ ಇದೆ. ಖಾಲಿ ಜಾಗದಲ್ಲಿ ಜಿಲ್ಲೆಯ ಹೆಸರನ್ನು ಬರೆದು ಕೈತೊಳೆದುಕೊಳ್ಳುವುದು ಯಂತ್ರದ ತಪ್ಪಲ್ಲ.

ಜಿಲ್ಲೆ ಎಂಬುದು ಆಡಳಿತಕ್ಕೆ ಅನುಕೂಲವಾದ ಗೆರೆ. ಮಳೆಗೆ ಅದರ ಪರಿಚಯವಿಲ್ಲ. ಹಾಸನ ಜಿಲ್ಲೆಯೊಳಗೇ ಅರಸೀಕೆರೆಯೂ ಇದೆ, ಘಟ್ಟದಂಚಿನ ಮಾರನಹಳ್ಳಿಯೂ ಇದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡೂರೂ ಇದೆ, ಶೃಂಗೇರಿಯೂ ಇದೆ. ಒಂದು ಕಡೆ ಕೆರೆ ತುಂಬಲೆಂದು ಪೂಜೆ ಮಾಡಿಸುತ್ತಿರುವಾಗ ಇನ್ನೊಂದು ಕಡೆ ಗದ್ದೆಯ ಬದು ಒಡೆದು ಹೋಗಿರುತ್ತದೆ. ಇಡೀ ಜಿಲ್ಲೆಗೆ ಕಿತ್ತಳೆ ಬಣ್ಣ ಬಳಿದು ಸಂದೇಶ ಕಳಿಸಿದರೆ ಅರಸೀಕೆರೆಯವನು ಎರಡು ಸಲ ನೋಡಿ ಮೂರನೆಯ ಸಲ ನಗುತ್ತಾನೆ, ನಾಲ್ಕನೆಯ ಸಲ ಸಿಡಿಲಿನ ಎಚ್ಚರಿಕೆ ನಿಜವಾಗಿಯೂ ಅವನಿಗೇ ಬಂದಾಗ ನೋಡುವುದೇ ಇಲ್ಲ. ಮಳೆಗಾಲದಲ್ಲಿ ಶಾಲೆಗಳಿಗೆ ರಜೆ ಕೊಡುವಾಗ ಜಿಲ್ಲಾಡಳಿತ ತಾಲ್ಲೂಕು ನೋಡಿ ಕೊಡುತ್ತದೆ. ರಜೆಗೆ ಸಾಧ್ಯವಾದ ವಿವೇಚನೆ ಎಚ್ಚರಿಕೆಗೂ ಸಾಧ್ಯವಾಗಬೇಕು.

ಇನ್ನು ಹೊಳೆಯ ಮಾತು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಕಡೆ, ಅಂದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಅಲ್ಲಿ ರಾತ್ರಿಯಿಡೀ ಸುರಿದರೆ ಬೆಳಗಿನ ವೇಳೆಗೆ ಹೊಳೆ ಏರುವುದು ಈ ಸಕಲೇಶಪುರದಲ್ಲಿ, ಅಂದರೆ ಹಾಸನ ಜಿಲ್ಲೆಯಲ್ಲಿ. ಚಿಕ್ಕಮಗಳೂರಿಗೆ ಕೆಂಪು, ಹಾಸನಕ್ಕೆ ಹಳದಿ ಎಂದು ಸಂದೇಶ ಬಂದ ದಿನ ಹೊಳೆಯ ದಂಡೆಯ ಮನೆಯವರು ಹಳದಿಯನ್ನು ನಂಬಿ ಮಲಗಬೇಕೇ? ಊರಿನ ಹಿರಿಯರು ಹಾಗೆ ಮಾಡುವುದಿಲ್ಲ. ಮೂಡಿಗೆರೆಯ ನೆಂಟರಿಗೆ ಫೋನು ಮಾಡಿ ‘ಅಲ್ಲಿ ಹೇಗಿದೆ ಮಳೆ’ ಎಂದು ಕೇಳಿ ತಿಳಿಯುತ್ತಾರೆ. ಮೊಬೈಲಿನ ಎಚ್ಚರಿಕೆ ವ್ಯವಸ್ಥೆ ಎಂದರೆ ನಿಜವಾಗಿ ಅದೇ, ಅಧಿಕೃತವಲ್ಲ ಅಷ್ಟೇ.

ಮಳೆಯ ಅಳತೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4ನ್ನೂ ಮೀರಿದರೆ ಅತ್ಯಂತ ಭಾರೀ. ಆದರೆ ನಮ್ಮ ಬೆಳೆಗಾರರು ಮಳೆಯನ್ನು ಇಂಚಿನಲ್ಲಿ, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಅಳೆಯುವವರು. ಅಜ್ಜನ ಕಾಲದಿಂದ ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಟ್ಟ ಮನೆಗಳು ಈ ಸಭೆಯಲ್ಲೇ ಎಷ್ಟಿವೆಯೋ. ಅವರಿಗೆ ‘ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು’ ಎಂದರೆ ಆ ಮೂರು ಮೆಟ್ಟಿಲುಗಳು ಕಣ್ಣಿಗೆ ಕಟ್ಟುತ್ತವೆ. ಎಂಟು ಇಂಚು ಎಂದ ಕೂಡಲೇ ಯಾವ ವರ್ಷ, ಯಾವ ಮಳೆನಕ್ಷತ್ರ, ಯಾವ ಧರೆ ಕುಸಿಯಿತು ಎಂಬುದೆಲ್ಲ ನೆನಪಿಗೆ ಬರುತ್ತದೆ. ಮಿಲಿಮೀಟರಿನ ಪಕ್ಕದಲ್ಲಿ ಇಂಚನ್ನೂ ಬರೆದರೆ ಹವಾಮಾನ ಇಲಾಖೆಗೆ ಖರ್ಚೇನೂ ಇಲ್ಲ.

ಹಾಗೆ ಹೇಳುವಾಗ ಇನ್ನೊಂದು ಲೆಕ್ಕ ಅಡ್ಡ ಬರುತ್ತದೆ, ಅದು ಅಕ್ಷರದ ಲೆಕ್ಕ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡದಲ್ಲಿ 70 ಸಂಕೇತಗಳು ಮಾತ್ರ. ಅಕ್ಷರ ಎನ್ನದೆ ಸಂಕೇತ ಎಂದೆ, ಏಕೆಂದರೆ ಯಂತ್ರ ನಮ್ಮ ಕಾಗುಣಿತವನ್ನೂ ಒತ್ತಕ್ಷರವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಎಚ್ಚರಿಕೆ’ ಎಂಬುದು ನಮಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಎಂಟು. ಸೆಲ್ ಬ್ರಾಡ್‌ಕಾಸ್ಟಿನಲ್ಲಿ ಪುಟವೊಂದಕ್ಕೆ ಸುಮಾರು 40 ಸಂಕೇತ ಹಿಡಿದರೂ 15 ಪುಟಗಳವರೆಗೆ ಜೋಡಿಸಬಹುದಾದ್ದರಿಂದ ಅಲ್ಲಿ ಉಸಿರಾಡಲು ಜಾಗವಿದೆ. ಎರಡರಲ್ಲೂ ಜಾಗ ತಿನ್ನುವುದು ಕನ್ನಡವಲ್ಲ, ಕಚೇರಿಯ ಕನ್ನಡ. ‘ಸಾರ್ವಜನಿಕರು ಮುನ್ನೆಚ್ಚರಿಕೆ ಕ್ರಮಗಳನ್ನು ಅನುಸರಿಸತಕ್ಕದ್ದು’ ಎಂಬಲ್ಲಿಗೆ ಮುಕ್ಕಾಲು ಜಾಗ ಮುಗಿದಿರುತ್ತದೆ, ಏನು ಮಾಡಬೇಕೆಂಬುದು ಇನ್ನೂ ತಿಳಿದಿರುವುದಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 2,922 ಅಡಿಯ ಗರಿಷ್ಠ ಮಟ್ಟ, 37 ಟಿಎಂಸಿಗೂ ಸ್ವಲ್ಪ ಹೆಚ್ಚಿನ ಸಂಗ್ರಹ. ಜಲಾಶಯ ತುಂಬಿ ಗೇಟು ಎತ್ತುವುದು ಆಕಾಶದಿಂದ ಬೀಳುವ ಆಪತ್ತಲ್ಲ; ಎಂಜಿನಿಯರುಗಳು ನಿರ್ಧರಿಸಿ ಮಾಡುವ ಕೆಲಸ. ನೀರು ಬಿಡುವ ಹೊತ್ತು ಗೊತ್ತು, ಅದು ಹೊಳೆನರಸೀಪುರದ ಕಡೆಗೆ ಹರಿಯುವ ದಾರಿ ಗೊತ್ತು, ದಾರಿಯಲ್ಲಿ ಸಿಗುವ ಊರುಗಳು ಗೊತ್ತು, ಆ ಊರುಗಳ ಟವರುಗಳೂ ಗೊತ್ತು. ಮೊಬೈಲಿನ ಎಚ್ಚರಿಕೆಗೆ ಇದಕ್ಕಿಂತ ಹದವಾದ ಸಂದರ್ಭ ಸಿಗಲಾರದು. ನಾನೊಂದು ವಾಕ್ಯ ಬರೆದು ನೋಡಿದೆ: ‘ಹೇಮಾವತಿ ಅಣೆಕಟ್ಟೆ ಗೇಟು ಸಂಜೆ 4ಕ್ಕೆ ತೆರೆಯುತ್ತಾರೆ. ಹೊಳೆಗೆ ಇಳಿಯಬೇಡಿ.’ ಖಾಲಿ ಜಾಗಗಳೂ ಸೇರಿ 63 ಸಂಕೇತ. ಎಸ್ಸೆಮ್ಮೆಸ್ಸಿನ 70ರ ಒಳಗೇ ಕೂರುತ್ತದೆ. ಇದರಲ್ಲಿ ಜಾಗವಿದೆ, ಹೊತ್ತಿದೆ, ಮಾಡಬೇಕಾದ್ದಿದೆ. ಬಟ್ಟೆ ಒಗೆಯಲು ಹೋದ ಹೆಂಗಸಿಗೂ, ದನ ತೊಳೆಯಲು ಇಳಿದ ಹುಡುಗನಿಗೂ, ನಡುಗಡ್ಡೆಯಲ್ಲಿ ಪಂಪ್‌ಸೆಟ್ ಇಟ್ಟ ರೈತನಿಗೂ ಇಷ್ಟೇ ಸಾಕು.

ಸಿಡಿಲಿನ ವಿಷಯದಲ್ಲೂ ಕೆಲಸ ಚೆನ್ನಾಗಿಯೇ ಸಾಗಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನಾವು ನಿಂತ ಜಾಗದಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತದೆ. ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಹೆಚ್ಚಿನವರು ಹೊಲದಲ್ಲಿ, ಮರದ ಕೆಳಗೆ. ಚನ್ನರಾಯಪಟ್ಟಣ, ಅರಸೀಕೆರೆ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗಿಗೆ ಇದು ಉಪಯುಕ್ತ. ಆದರೆ ಆ್ಯಪ್ ಎಂಬುದು ಹುಡುಕಿ ಹಾಕಿಕೊಂಡವರಿಗೆ ಮಾತ್ರ ಸಿಗುವ ಸವಲತ್ತು. ಕುರಿ ಕಾಯುವವನ ಗುಂಡಿ ಒತ್ತುವ ಫೋನಿಗೆ ಅದು ಇಲ್ಲ. 2021ರ ಜುಲೈಯಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ ಪ್ರವಾಹ ಬಂದು ನೂರಕ್ಕೂ ಹೆಚ್ಚು ಜನ ಸತ್ತಾಗ ಆ ದೇಶದಲ್ಲಿ ಎಚ್ಚರಿಕೆಯ ಆ್ಯಪ್‌ಗಳು ಇದ್ದೇ ಇದ್ದವು, ಸೆಲ್ ಬ್ರಾಡ್‌ಕಾಸ್ಟ್ ಇರಲಿಲ್ಲ. ಆ ದುರಂತದ ನಂತರ, 2023ರ ಫೆಬ್ರವರಿಯಲ್ಲಿ, ಅದನ್ನು ಜಾರಿಗೆ ತಂದರು.

ಈಗ ಎಲ್ಲಕ್ಕಿಂತ ಕಠಿಣವಾದದ್ದಕ್ಕೆ ಬರುತ್ತೇನೆ: ಭೂಕುಸಿತ. 2019ರ ಆಗಸ್ಟ್ ಎರಡನೆಯ ವಾರ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರುಗಿ ತೋಟ, ಗದ್ದೆ, ಮನೆಗಳೆಲ್ಲ ಕೆಸರಿನಡಿ ಹೋದದ್ದನ್ನು ನೀವು ಬಲ್ಲಿರಿ. 2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದದ್ದನ್ನೂ ಬಲ್ಲಿರಿ. ಗುಡ್ಡ ಜರುಗುವುದು ಆ ದಿನದ ಮಳೆಯೊಂದರಿಂದಲೇ ಅಲ್ಲ. ಹಿಂದಿನ ಹಲವು ದಿನಗಳ ಮಳೆ ಮಣ್ಣಿನಲ್ಲಿ ಇಳಿದು, ಬಂಡೆಯ ಮೇಲಿನ ಪದರ ನೀರು ಕುಡಿದು ಭಾರವಾಗಿ, ಕೊನೆಗೊಂದು ಜೋರು ಮಳೆ ನೆಪವಾಗುತ್ತದೆ. ರಸ್ತೆಗೆಂದೋ ಮನೆಗೆಂದೋ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದಿದ್ದರೆ ಅದಕ್ಕೆ ಆನಿಕೆಯೂ ಇರುವುದಿಲ್ಲ. ಯಾವ ಪ್ರದೇಶಕ್ಕೆ ಅಪಾಯ ಎಂದು ಹೇಳಬಹುದು, ಯಾವ ಗುಡ್ಡ, ಎಷ್ಟು ಹೊತ್ತಿಗೆ ಎಂದು ಹೇಳುವುದು ಕಷ್ಟ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು 2024ರ ಜುಲೈ 19ರಂದು ಕೊಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ಆರಂಭಿಸಿದಾಗ ಮೊದಲಿಗೆ ಕೈಗೆತ್ತಿಕೊಂಡದ್ದು ಡಾರ್ಜಿಲಿಂಗ್, ಕಾಲಿಂಪಾಂಗ್ ಮತ್ತು ನೀಲಗಿರಿಗಳನ್ನು.

ಇಲ್ಲಿ ಮೊಬೈಲನ್ನು ತಿರುಗಿಸಿ ಹಿಡಿಯಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೇಲಿನಿಂದ ಕೆಳಕ್ಕೆ ಬರುವ ಸಂದೇಶದಷ್ಟೇ ಕೆಳಗಿನಿಂದ ಮೇಲಕ್ಕೆ ಹೋಗುವ ಸಂದೇಶವೂ ಮುಖ್ಯ. ಗುಡ್ಡ ಜರುಗುವ ಮೊದಲು ಅದರ ಕುರುಹನ್ನು ಕಾಣುವವರು ತೋಟದಲ್ಲಿ ನಡೆದಾಡುವವರೇ: ಧರೆಯ ಮೇಲೆ ಬಿಟ್ಟ ಬಿರುಕು, ವಾಲಿದ ಸಿಲ್ವರ್ ಮರ, ಇದ್ದಕ್ಕಿದ್ದಂತೆ ಕೆಂಪಾದ ಹಳ್ಳದ ನೀರು, ಎಂದೂ ಇಲ್ಲದ ಕಡೆ ಚಿಮ್ಮುವ ಒರತೆ. ಇವುಗಳ ಚಿತ್ರ ತೆಗೆದು ಜಾಗದ ಗುರುತಿನೊಂದಿಗೆ ಕಳಿಸಲು ನಿಮ್ಮ ಜೇಬಿನಲ್ಲಿರುವ ಫೋನೇ ಸಾಕು. ಯಾರಿಗೆ ಕಳಿಸಬೇಕು, ಕಳಿಸಿದ ಮೇಲೆ ಯಾರು ಬಂದು ನೋಡುತ್ತಾರೆ ಎಂಬುದು ಮಳೆಗಾಲಕ್ಕೆ ಮೊದಲೇ ಪಂಚಾಯಿತಿಯಲ್ಲಿ ತೀರ್ಮಾನವಾಗಿರಬೇಕು. ಮಳೆಯ ಅಂಕಿಗೂ ಕೊರತೆಯಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತವೆ. ಬೋರ್ಡೋ ದ್ರಾವಣ ಸಿಂಪಡಿಸುವ ಮುನ್ನ ಇದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಮಳೆ ವಿಚಾರಿಸುವ ಅಡಿಕೆ ಬೆಳೆಗಾರರಿಗೆ ಈ ಕೇಂದ್ರ ಹೊಸದಲ್ಲ. ಪಂಚಾಯಿತಿಯ ಮಳೆಮಾಪಕ ಐದು ದಿನದಲ್ಲಿ ಇಷ್ಟು ಇಂಚು ದಾಟಿದರೆ ಇಂಥಿಂಥ ಇಳಿಜಾರಿನ ಮನೆಯವರು ಆ ರಾತ್ರಿ ಶಾಲೆಯ ಕಟ್ಟಡಕ್ಕೆ ಬರಬೇಕು ಎಂಬ ಕಟ್ಟಳೆಯನ್ನು ಭೂವಿಜ್ಞಾನಿಗಳನ್ನು ಕೇಳಿ ಊರೇ ಮಾಡಿಕೊಳ್ಳಬಹುದು. ಆಗ ಸಂದೇಶದಲ್ಲಿ ಜಿಲ್ಲೆಯ ಬದಲು ಆ ಇಳಿಜಾರಿನ ಹೆಸರು ಬರುತ್ತದೆ.

ಹೆಸರು ಹೇಳಿ ಕರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಘಟನೆ ಹೇಳುತ್ತೇನೆ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಯ ಯುವಕನೊಬ್ಬ ಸಿಂಗಪುರದಲ್ಲಿದ್ದ. ಟೀವಿಯಲ್ಲಿ ಸುದ್ದಿ ನೋಡಿ ಊರಿಗೆ ಫೋನು ಮಾಡಿದ. ಆ ಹಳ್ಳಿಯಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ನಡೆಸುತ್ತಿದ್ದ ಮಾಹಿತಿ ಕೇಂದ್ರವಿತ್ತು, ಅದರಲ್ಲಿ ಸಮುದ್ರದ ಅಲೆಗಳ ಸುದ್ದಿ ಹೇಳಲು ಇಟ್ಟಿದ್ದ ಧ್ವನಿವರ್ಧಕವಿತ್ತು. ಜನ ಆ ಧ್ವನಿವರ್ಧಕವನ್ನು ದಿನವೂ ಕೇಳುತ್ತಿದ್ದವರಾದ್ದರಿಂದ ಆ ದಿನ ಅದು ‘ಓಡಿ’ ಎಂದಾಗ ಓಡಿದರು. ಮನೆ, ದೋಣಿಗಳು ಹೋದವು, ಊರಿನವರು ಉಳಿದರು. ದೂರದ ಫೋನು ಅರ್ಧ ಕೆಲಸ ಮಾಡಿತು, ಪರಿಚಯದ ದನಿ ಉಳಿದರ್ಧ ಮಾಡಿತು. ನಮ್ಮ ಪಂಚಾಯಿತಿಗಳಲ್ಲಿ ಕಸ ಒಯ್ಯುವ ಗಾಡಿಗಳು ಬೆಳಗ್ಗೆ ಹಾಡು ಹಾಕಿಕೊಂಡು ಬೀದಿ ಬೀದಿ ಸುತ್ತುತ್ತವಲ್ಲ, ಆ ಮೈಕಿಗೆ ಈ ಕೆಲಸ ವಹಿಸಬಾರದೇಕೆ ಎಂದು ನಾನು ಕೇಳುತ್ತಲೇ ಬಂದಿದ್ದೇನೆ.

ವಿರುದ್ಧ ದಿಕ್ಕಿನ ಪಾಠವೂ ಇದೆ. 2018ರ ಜನವರಿ 13ರ ಬೆಳಗ್ಗೆ ಅಮೆರಿಕದ ಹವಾಯಿಯಲ್ಲಿ ‘ಕ್ಷಿಪಣಿ ಬರುತ್ತಿದೆ, ಅಡಗಿಕೊಳ್ಳಿ’ ಎಂಬ ಸಂದೇಶ ಎಲ್ಲರ ಫೋನಿಗೂ ಹೋಯಿತು. ಅದು ತಪ್ಪು ಸಂದೇಶ ಎಂದು ಫೋನಿನಲ್ಲೇ ತಿದ್ದಿ ಹೇಳಲು 38 ನಿಮಿಷ ಹಿಡಿಯಿತು. ಇಡೀ ರಾಜ್ಯವನ್ನು ಒಂದೇ ಕ್ಷಣದಲ್ಲಿ ಬೆಚ್ಚಿಬೀಳಿಸಬಲ್ಲ ಗುಂಡಿಯನ್ನು ಯಾರ ಕೈಗೆ ಕೊಡುತ್ತೇವೆ, ತಪ್ಪಾದರೆ ಹಿಂತೆಗೆಯುವ ಬಗೆಯೇನು ಎಂಬುದನ್ನು ಮೊದಲೇ ಬರೆದಿಡಬೇಕು.

ತೋಟದ ಲೈನುಗಳನ್ನು, ಅಂದರೆ ಕೂಲಿಕಾರರ ಸಾಲುಮನೆಗಳನ್ನು, ಮರೆಯಬಾರದು. ಇಂದು ಕಾಫಿ ತೋಟಗಳ ಲೈನುಮನೆಗಳಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕುಟುಂಬಗಳಿವೆ. ಹಲವೆಡೆ ಲೈನು ಇರುವುದೇ ಹಳ್ಳದ ಪಕ್ಕ, ಧರೆಯ ಕೆಳಗೆ. ಕನ್ನಡದ ಹೋರಾಟದಲ್ಲಿ ನಾನು ಯಾರಿಗೂ ಹಿಂದೆ ಬಿದ್ದವನಲ್ಲ, ಆದರೂ ಹೇಳುತ್ತೇನೆ: ಈ ಒಂದು ಸಂದೇಶ ಅವರ ಭಾಷೆಯಲ್ಲೂ ಹೋಗಲಿ. ಸೆಲ್ ಬ್ರಾಡ್‌ಕಾಸ್ಟಿನಲ್ಲಿ ಒಂದೇ ಎಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಸಾರಬಹುದು. ಅದಾಗುವವರೆಗೆ ತೋಟದ ಲೆಕ್ಕ ಬರೆಯುವ ರೈಟರು ಲೈನಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಬೇಕು.

ಉಪನ್ಯಾಸ ಮುಗಿದ ಮೇಲೆ ಹಾನುಬಾಳು ಕಡೆಯಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು, ‘ಸಾರ್, ಮಳೆ ಹಿಡಿದರೆ ನಮ್ಮಲ್ಲಿ ಮೊದಲು ಹೋಗೋದು ಕರೆಂಟು, ಆಮೇಲೆ ಟವರು. ನಿಮ್ಮ ಸಂದೇಶ ಬರೋದು ಎಲ್ಲಿಂದ?’ ಎಂದು ಕೇಳಿದರು. ಆ ದಿನದ ಅತ್ಯುತ್ತಮ ಪ್ರಶ್ನೆ ಅದಾಗಿತ್ತು. ಟವರಿನ ಬ್ಯಾಟರಿ ಕೆಲವು ಗಂಟೆಗಳಷ್ಟೇ ನಡೆಯುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ಬೇಕು, ಡೀಸೆಲ್ ಒಯ್ಯುವ ದಾರಿಗೆ ಮರ ಬಿದ್ದಿರುತ್ತದೆ. ಒಂದು ಕಂಪನಿಯ ಟವರು ಸತ್ತರೆ ಇನ್ನೊಂದು ಕಂಪನಿಯ ಟವರಿಗೆ ನಮ್ಮ ಫೋನು ತಾನಾಗಿ ಹತ್ತಿಕೊಳ್ಳುವ ವ್ಯವಸ್ಥೆಯನ್ನು ಸರ್ಕಾರ ಚಂಡಮಾರುತಗಳ ಹೊತ್ತಿನಲ್ಲಿ ಕರಾವಳಿ ರಾಜ್ಯಗಳಲ್ಲಿ ಜಾರಿಗೊಳಿಸಿದ್ದುಂಟು. ಮಲೆನಾಡಿಗೆ ಅದನ್ನು ಪ್ರತಿ ಮಳೆಗಾಲವೂ ಕೇಳಿ ಪಡೆಯಬೇಕು. ಎಲ್ಲ ಟವರುಗಳೂ ಹೋದರೆ ಫೋನು ಬರೀ ಬ್ಯಾಟರಿ ದೀಪ. ಆದ್ದರಿಂದ ಎಚ್ಚರಿಕೆ ಬರಬೇಕಾದದ್ದು ಕರೆಂಟು ಹೋಗುವ ಮೊದಲೇ, ಹಿಂದಿನ ದಿನ ಹಗಲಿನಲ್ಲೇ, ಎಂದೆ. ಸೆಲ್ಲು ಹಾಕುವ ರೇಡಿಯೋ ಮನೆಯಲ್ಲಿದ್ದರೆ ಎಸೆಯಬೇಡಿ, ಹಾಸನ ಆಕಾಶವಾಣಿ ಕೇಳಲು ಟವರು ಬೇಕಿಲ್ಲ ಎಂದೂ ಹೇಳಿದೆ.

ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ‘ಆನೆ ಗುಂಪಿನ ಹುಡುಗರಿಗೇ ಮಳೇದೂ ಹೇಳೋಕೆ ಹೇಳ್ತೀನಿ, ಅವರಿಗೆ ನಮ್ಮ ಮನೆ ಗೊತ್ತು’ ಎಂದು ಕುಳಿತುಕೊಂಡರು. ಹೊರಡುವ ಮುನ್ನ ಪಂಚಾಯಿತಿಯ ಇಬ್ಬರು ಸದಸ್ಯರು ಅವರನ್ನು ತಡೆದು, ಆ ಹುಡುಗರ ನಂಬರುಗಳನ್ನು ಬರೆದುಕೊಳ್ಳುತ್ತಿದ್ದುದನ್ನು ಕಂಡೆ.